ಬಂಡೆಯ ಬಿರುಕು ಹುಡುಕುವ ರಸಾಯನ: ಭೂಶಾಖದ ಬಾವಿಗಳಿಂದ ಬೆಂಗಳೂರು ಗ್ರಾಮಾಂತರದ ಕೊಳವೆಬಾವಿಗಳವರೆಗೆ

ಗಟ್ಟಿ ಬಂಡೆಯಲ್ಲಿ ಕೊರೆದ ಬಾವಿಗೆ ಜೀವ ಕೊಡುವುದು ಬಿರುಕು. ನೆಲದಾಳದ ಹಬೆ ಮತ್ತು ಬಿಸಿನೀರನ್ನು ಮೇಲೆತ್ತಿ ವಿದ್ಯುತ್ ಉತ್ಪಾದಿಸುವ ಭೂಶಾಖದ ಬಾವಿಗಳಿಗೂ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹೊಲಗಳಲ್ಲಿರುವ ಕೊಳವೆಬಾವಿಗಳಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ. ಬಿರುಕು ಯಾವ ಆಳದಲ್ಲಿದೆ, ಅದರಲ್ಲಿ ದ್ರವ ಹರಿಯುತ್ತದೆಯೇ, ಆ ದ್ರವ ಎಲ್ಲಿಂದ ಬಂದದ್ದು ಎಂಬ ಪ್ರಶ್ನೆಗಳಿಗೆ ಭೂಶಾಖ ಕ್ಷೇತ್ರದವರು ಕಂಡುಕೊಂಡ ಉತ್ತರಗಳಲ್ಲಿ ಒಂದು, ಹರಳುಗಳೊಳಗೆ ಸಿಕ್ಕಿಬಿದ್ದ ಸೂಕ್ಷ್ಮ ದ್ರವಕಣಗಳ ರಾಸಾಯನಿಕ ವಿಶ್ಲೇಷಣೆ. ಆ ವಿಧಾನದ ತತ್ತ್ವ, ಕರ್ನಾಟಕದ ಶಿಲೆಗಳಲ್ಲಿ ನಡೆದ ಅದೇ ಬಗೆಯ ಅಧ್ಯಯನಗಳು, ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನೀರಿನ ಬಿರುಕು ಹುಡುಕುವ ರೀತಿ, ಇವುಗಳ ಸಮೀಕ್ಷೆ ಇಲ್ಲಿದೆ.

ಬಿರುಕು ಮತ್ತು ಹರಿವು

ಗ್ರಾನೈಟ್, ನೈಸ್ ಮುಂತಾದ ಸ್ಫಟಿಕಮಯ ಶಿಲೆಗಳಲ್ಲಿ ಹರಳುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಮರಳುಗಲ್ಲಿನಲ್ಲಿರುವಂತೆ ಕಣಗಳ ನಡುವೆ ನೀರು ನಿಲ್ಲುವ ಜಾಗ ಇವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಳಾಗದ ಬಂಡೆಯ ಒಟ್ಟು ಗಾತ್ರದಲ್ಲಿ ರಂಧ್ರಗಳ ಪಾಲು ಶೇ. 1ನ್ನೂ ಮುಟ್ಟುವುದಿಲ್ಲ. ಹಾಗಾಗಿ ನೀರು ಹರಿಯುವುದೆಲ್ಲ ಬಿರುಕು, ಸೀಳು, ಸ್ತರಭಂಗಗಳ ಮೂಲಕವೇ.

ಎಲ್ಲ ಬಿರುಕುಗಳೂ ನೀರು ಕೊಡುವುದಿಲ್ಲ. ಬಿರುಕಿನ ಅಗಲಕ್ಕೂ ಅದರಲ್ಲಿ ಹರಿಯುವ ದ್ರವದ ಪ್ರಮಾಣಕ್ಕೂ ಇರುವ ಸಂಬಂಧ ಘನನಿಯಮದ್ದು. ಅಗಲ ಎರಡು ಪಟ್ಟಾದರೆ ಹರಿವು ಎಂಟು ಪಟ್ಟಾಗುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲದ ಬಿರುಕಿಗಿಂತ ಒಂದು ಮಿಲಿಮೀಟರ್ ಅಗಲದ ಬಿರುಕು ಸಾವಿರ ಪಟ್ಟು ಹೆಚ್ಚು ನೀರನ್ನು ಸಾಗಿಸಬಲ್ಲದು. ಆದ್ದರಿಂದಲೇ ಒಂದೇ ಬಾವಿಯಲ್ಲಿ ಹತ್ತಾರು ಸಣ್ಣ ಸೀಳುಗಳಿದ್ದರೂ ಬಹುಪಾಲು ನೀರು ಒಂದೋ ಎರಡೋ ಬಿರುಕುಗಳಿಂದ ಬರುತ್ತದೆ. ಅನೇಕ ಬಿರುಕುಗಳಲ್ಲಿ ಹಿಂದೆ ಹರಿದ ಬಿಸಿದ್ರವ ಬೆಣಚು, ಕ್ಯಾಲ್ಸೈಟ್, ಕ್ಲೋರೈಟ್, ಎಪಿಡೋಟ್ ಖನಿಜಗಳನ್ನು ಬಿಟ್ಟುಹೋಗಿ ದಾರಿ ಮುಚ್ಚಿರುತ್ತದೆ. ಬಿರುಕು ಇದೆಯೇ ಎಂಬುದು ಒಂದು ಪ್ರಶ್ನೆ, ಅದು ಇಂದಿಗೂ ತೆರೆದಿದೆಯೇ ಎಂಬುದು ಮತ್ತೊಂದು. ಬಿರುಕು ಶೋಧನೆಯ ಎಲ್ಲ ವಿಧಾನಗಳ ಬೆಲೆಯನ್ನೂ ಈ ಎರಡನೇ ಪ್ರಶ್ನೆಗೆ ಅವು ಎಷ್ಟು ಉತ್ತರ ಕೊಡುತ್ತವೆ ಎಂಬುದರಿಂದ ಅಳೆಯಬೇಕು.

ಹರಳಿನೊಳಗಿನ ದ್ರವ

ಖನಿಜವೊಂದು ದ್ರವದಲ್ಲಿ ಹರಳುಗಟ್ಟಿ ಬೆಳೆಯುವಾಗ ಆ ದ್ರವದ ಸಣ್ಣ ಹನಿಗಳು ಹರಳಿನ ಕುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಬೆಳೆದ ಹರಳು ಮುಂದೆಂದೋ ಸೀಳಿದಾಗ ಆ ಸೀಳಿನೊಳಗೆ ನುಗ್ಗಿದ ದ್ರವವೂ, ಸೀಳು ಮತ್ತೆ ಬೆಸೆದುಕೊಂಡಂತೆ ಒಳಗೇ ಉಳಿಯುತ್ತದೆ. ಇವುಗಳನ್ನು ಭೂವಿಜ್ಞಾನದಲ್ಲಿ ದ್ರವ ಅಂತರ್ಗತಗಳು ಎನ್ನುತ್ತಾರೆ. ಹರಳಿನ ಜೊತೆಯಲ್ಲೇ ಹುಟ್ಟಿದವು ಪ್ರಾಥಮಿಕ ಅಂತರ್ಗತಗಳು, ಬೆಸೆದ ಸೀಳುಗಳ ಉದ್ದಕ್ಕೂ ಸಾಲಾಗಿ ಕಾಣುವವು ದ್ವಿತೀಯಕ ಅಂತರ್ಗತಗಳು. ಹೆಚ್ಚಿನವು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕವು. ಬಿರುಕು ಹುಡುಕುವವರಿಗೆ ಮುಖ್ಯವಾದವು ದ್ವಿತೀಯಕ ಅಂತರ್ಗತಗಳು; ಬಂಡೆ ಒಡೆದ ಮೇಲೆ ಅದರೊಳಗೆ ಓಡಾಡಿದ ದ್ರವದ ಮಾದರಿಗಳು ಅವೇ.

ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ 1858ರಲ್ಲಿ ಪ್ರಕಟಿಸಿದ ಪ್ರಬಂಧ ಈ ಅಧ್ಯಯನಕ್ಕೆ ಬುನಾದಿ ಹಾಕಿತು. ಬಿಸಿಯಾಗಿದ್ದಾಗ ಕುಳಿಯನ್ನು ಪೂರ್ತಿ ತುಂಬಿದ್ದ ದ್ರವ ತಣಿದಂತೆ ಕುಗ್ಗಿ, ಒಳಗೊಂದು ಗುಳ್ಳೆ ಮೂಡುತ್ತದೆ. ಹರಳನ್ನು ಮತ್ತೆ ಕಾಯಿಸಿದಾಗ ಗುಳ್ಳೆ ಯಾವ ಉಷ್ಣತೆಯಲ್ಲಿ ಮಾಯವಾಗುತ್ತದೋ ಅದು ದ್ರವ ಸೆರೆಯಾದ ಕಾಲದ ಉಷ್ಣತೆಯ ಕನಿಷ್ಠ ಅಂದಾಜು ಎಂದು ಸಾರ್ಬಿ ತೋರಿಸಿದರು. ಅಮೆರಿಕದ ಎಡ್ವಿನ್ ರೋಡರ್ 1984ರಲ್ಲಿ ಹೊರತಂದ ಗ್ರಂಥ ಈ ವಿಷಯದ ಆಕರವಾಗಿ ನಿಂತಿತು.

ಅಧ್ಯಯನಕ್ಕೆ ಬಂಡೆಯ ತೆಳುಹಾಳೆಯನ್ನು ಎರಡೂ ಕಡೆ ಉಜ್ಜಿ ನುಣುಪಾಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಕಾಯಿಸುವ ಮತ್ತು ಹೆಪ್ಪುಗಟ್ಟಿಸುವ ಪೀಠದ ಮೇಲಿಡುತ್ತಾರೆ. ಹೆಪ್ಪುಗಟ್ಟಿದ ಶುದ್ಧ ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಉಪ್ಪು ಹೆಚ್ಚಿದಷ್ಟೂ ಕರಗುವ ಬಿಂದು ಕೆಳಗಿಳಿಯುವುದರಿಂದ ದ್ರವದ ಲವಣಾಂಶ ಲೆಕ್ಕಕ್ಕೆ ಸಿಗುತ್ತದೆ. ಘನರೂಪದ ಶುದ್ಧ ಕಾರ್ಬನ್ ಡೈಆಕ್ಸೈಡ್ -56.6 ಡಿಗ್ರಿಯಲ್ಲಿ ಕರಗಿ ತನ್ನ ಗುರುತು ಹೇಳುತ್ತದೆ. ಅಂತರ್ಗತವನ್ನು ಒಡೆಯದೆಯೇ ಅದರ ಅನಿಲಗಳನ್ನು ಗುರುತಿಸಲು ರಾಮನ್ ರೋಹಿತವನ್ನು ಬಳಸುತ್ತಾರೆ. 1928ರಲ್ಲಿ ಸಿ. ವಿ. ರಾಮನ್ ಕಂಡ ಬೆಳಕಿನ ಚದುರುವಿಕೆ ಇಂದು ಖನಿಜಶಾಸ್ತ್ರದ ಪ್ರಯೋಗಶಾಲೆಗಳ ದೈನಂದಿನ ಸಾಧನವಾಗಿದೆ.

ಭೂಶಾಖದ ಬಾವಿಯಲ್ಲಿ ಈ ವಿಧಾನ

ಒಂದೊಂದೇ ಅಂತರ್ಗತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕಿಲೋಮೀಟರುಗಟ್ಟಲೆ ಆಳದ ಬಾವಿಯನ್ನು ಓದುವುದು ಆಗದ ಕೆಲಸ. ಇದಕ್ಕೆ ಪರ್ಯಾಯವಾಗಿ, ಮಾದರಿಯಲ್ಲಿರುವ ಎಲ್ಲ ಅಂತರ್ಗತಗಳನ್ನೂ ಒಟ್ಟಿಗೆ ಒಡೆದು ಅನಿಲಗಳನ್ನು ಅಳೆಯುವ ಪದ್ಧತಿ ಮೊದಲು ಪೆಟ್ರೋಲಿಯಂ ಶೋಧನೆಯಲ್ಲಿ ರೂಢಿಗೆ ಬಂತು. ನ್ಯೂ ಮೆಕ್ಸಿಕೊದ ಗಣಿ ಮತ್ತು ತಂತ್ರಜ್ಞಾನ ಸಂಸ್ಥೆಯ ಡೇವಿಡ್ ನಾರ್ಮನ್, ಅವರ ಜೊತೆ ಲೋರಿ ಡಿಲ್ಲಿ ಮತ್ತಿತರರು 2000ದ ದಶಕದಲ್ಲಿ ಇದನ್ನು ಕ್ಯಾಲಿಫೋರ್ನಿಯಾದ ಕೋಸೋ ಭೂಶಾಖ ಕ್ಷೇತ್ರದ ಬಾವಿಗಳಿಗೆ ಅಳವಡಿಸಿದರು. ಕೋಸೋದ ಆಯ್ಕೆ ನಮ್ಮ ಓದುಗರಿಗೆ ಗಮನಾರ್ಹ: ಅಲ್ಲಿ ಬಿಸಿನೀರು ಇರುವುದು ಗ್ರಾನೈಟ್ ಬಳಗದ ಬಂಡೆಗಳ ಬಿರುಕುಗಳಲ್ಲಿ. ಬಂಡೆಯ ವಯಸ್ಸು, ಬಿಸಿ ಎರಡೂ ಬೇರೆಯಾದರೂ ನೀರು ಅಡಗಿರುವ ರೀತಿ ನಮ್ಮ ಬಯಲುಸೀಮೆಯದೇ.

ಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರುಗಳನ್ನು 10-20 ಅಡಿ ಅಂತರದಲ್ಲಿ ಸಂಗ್ರಹಿಸುತ್ತಾರೆ. ಅವುಗಳನ್ನು ಶುಚಿಗೊಳಿಸಿ, ನಿರ್ವಾತ ಕೋಣೆಯಲ್ಲಿಟ್ಟು ಒತ್ತಿ ಪುಡಿಮಾಡುತ್ತಾರೆ. ಹರಳುಗಳು ಒಡೆದಾಗ ಸಿಡಿದು ಬರುವ ನೀರಾವಿ ಮತ್ತು ಅನಿಲಗಳನ್ನು ದ್ರವ್ಯರಾಶಿ ರೋಹಿತಮಾಪಕ ತೂಕದ ಕ್ರಮದಲ್ಲಿ ಬೇರ್ಪಡಿಸಿ ಅಳೆಯುತ್ತದೆ. ಕಾರ್ಬನ್ ಡೈಆಕ್ಸೈಡ್, ಮೀಥೇನ್, ನೈಟ್ರೋಜನ್, ಆರ್ಗಾನ್, ಹೀಲಿಯಂ, ಹೈಡ್ರೋಜನ್, ಹೈಡ್ರೋಜನ್ ಸಲ್ಫೈಡ್, ಹಲವು ಹೈಡ್ರೋಕಾರ್ಬನ್‌ಗಳ ಅಳತೆ ಒಂದೇ ಸಲಕ್ಕೆ ದೊರೆಯುತ್ತದೆ. ಪ್ರತಿ ಅನಿಲದ ಏರಿಳಿತವನ್ನು ಆಳಕ್ಕೆ ಎದುರಾಗಿ ಗೀಚಿದರೆ ಬಾವಿಯ ಉದ್ದಕ್ಕೂ ಒಂದು ರಾಸಾಯನಿಕ ನಕ್ಷೆ ಸಿದ್ಧವಾಗುತ್ತದೆ.

ಈ ನಕ್ಷೆಯ ಓದಿಗೆ ಮೂರು ಮುಖ್ಯ ಸೂತ್ರಗಳಿವೆ. ಮೊದಲನೆಯದು, ಬಿರುಕಿರುವ ಆಳದಲ್ಲಿ ಅನಿಲಗಳ ಒಟ್ಟು ಪ್ರಮಾಣ ಅಕ್ಕಪಕ್ಕದ ಬಿರುಕಿಲ್ಲದ ಬಂಡೆಗಿಂತ ಥಟ್ಟನೆ ಬೇರೆಯಾಗಿ ಕಾಣುತ್ತದೆ. ಅಲ್ಲಿ ಬಂಡೆ ಪದೇ ಪದೇ ಸೀಳಿ ಬೆಸೆದಿರುವುದರಿಂದ ದ್ವಿತೀಯಕ ಅಂತರ್ಗತಗಳು ಹೆಚ್ಚು. ಎರಡನೆಯದು, ನೈಟ್ರೋಜನ್ ಮತ್ತು ಆರ್ಗಾನ್‌ಗಳ ಅನುಪಾತ. ಗಾಳಿಯಲ್ಲಿ ಇದು ಸುಮಾರು 84, ಗಾಳಿ ಕರಗಿದ ಮಳೆನೀರಿನಲ್ಲಿ ಸುಮಾರು 38. ಅಂತರ್ಗತದ ಅನುಪಾತ ಮಳೆನೀರಿನದಕ್ಕೆ ಹತ್ತಿರವಿದ್ದರೆ ಮೇಲಿನಿಂದ ಇಳಿದ ನೀರು ಆ ಬಿರುಕಿನಲ್ಲಿ ಓಡಾಡಿದೆ ಎಂದರ್ಥ; ಬಹಳ ಮೇಲಿದ್ದರೆ ಆಳದ ಶಿಲಾರಸ ಅಥವಾ ಶಿಲಾಪದರಗಳಿಂದ ಬಂದ ಅನಿಲ ಬೆರೆತಿದೆ ಎಂದು ಊಹಿಸಬಹುದು. ಮೂರನೆಯದು, ನೀರಿಗೆ ಹೋಲಿಸಿದರೆ ಅನಿಲ ಬಹಳ ಹೆಚ್ಚಿದ್ದರೆ ಆ ಆಳದಲ್ಲಿ ದ್ರವ ಕುದಿದು ಹಬೆ ಬೇರ್ಪಟ್ಟಿರುವ ಸಾಧ್ಯತೆ.

ಮಿತಿಗಳೂ ಸ್ಪಷ್ಟವಾಗಿವೆ. ಅಂತರ್ಗತಗಳು ಹಿಂದೆ ಹರಿದ ದ್ರವದ ದಾಖಲೆ. ಹಳೆಯ ಮತ್ತು ಹೊಸ ದ್ರವಗಳು ಒಂದೇ ಚೂರಿನಲ್ಲಿ ಸೇರಿರಬಹುದು. ಬೈರಿಗೆಯ ಬಿಸಿ ಮತ್ತು ಮೇಲಿನ ಪದರದಿಂದ ಉದುರಿದ ಚೂರುಗಳ ಬೆರಕೆ ಅಳತೆಯನ್ನು ಕೆಡಿಸಬಹುದು. ಈ ಕಾರಣಕ್ಕೆ ಇದನ್ನು ಉಷ್ಣತೆಯ ದಾಖಲೆ, ಬಾವಿಯೊಳಗಿನ ಬಿಂಬ, ಹರಿವಿನ ಅಳತೆಗಳ ಜೊತೆಗಿಟ್ಟೇ ಓದುತ್ತಾರೆ. ಅಗ್ಗವಾದ, ಹೇಗೂ ಮೇಲೆ ಬರುವ ಚೂರುಗಳಿಂದಲೇ ಮಾಹಿತಿ ಸಿಗುವುದು ಇದರ ದೊಡ್ಡ ಅನುಕೂಲ.

ಕರ್ನಾಟಕದ ಶಿಲೆಗಳಲ್ಲಿ

ಕರ್ನಾಟಕದಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯುವ ಬಾವಿಗಳಿಲ್ಲ. ಧಾರವಾಡ ಶಿಲಾಖಂಡ ಬಹಳ ಹಳೆಯದು, ತಣ್ಣಗಿನದು. ಇಲ್ಲಿ ನೆಲದಾಳದಿಂದ ಮೇಲಕ್ಕೆ ಹರಿಯುವ ಶಾಖ ಪ್ರತಿ ಚದರ ಮೀಟರಿಗೆ ಬಹುತೇಕ ಕಡೆ 25ರಿಂದ 50 ಮಿಲಿವ್ಯಾಟ್. ಭೂಖಂಡಗಳ ಸರಾಸರಿ ಇದಕ್ಕಿಂತ ಹೆಚ್ಚು. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದು ಕೆಲಸ ಮಾಡಲು ಸಾಧ್ಯವಾದದ್ದಕ್ಕೆ ಈ ತಂಪೂ ಒಂದು ಕಾರಣ. ಪುತ್ತೂರಿನ ಬಳಿಯ ಬೆಂದ್ರು ತೀರ್ಥ ರಾಜ್ಯದ ಹೆಸರಾಂತ ಬಿಸಿನೀರ ಬುಗ್ಗೆ. ಅಲ್ಲಿನ ನೀರು ಉಗುರುಬೆಚ್ಚಗಿನದು.

ಆದರೆ ದ್ರವ ಅಂತರ್ಗತಗಳ ಅಧ್ಯಯನದಲ್ಲಿ ಕರ್ನಾಟಕದ ಹೆಸರು ಜಗತ್ತಿನ ಭೂವಿಜ್ಞಾನಿಗಳಿಗೆಲ್ಲ ಪರಿಚಿತ. ಕಾರಣ, 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿದ್ದ ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗ. ಇಲ್ಲಿನ ಕಲ್ಲುಗಣಿಯಲ್ಲಿ ಬೂದುಬಣ್ಣದ ನೈಸ್ ಬಂಡೆಯ ಮೇಲೆ ಎಣ್ಣೆ ಹಚ್ಚಿದಂತೆ ಹೊಳೆಯುವ ಕಪ್ಪು-ಹಸಿರು ತೇಪೆಗಳಿವೆ. ಅವು ಚಾರ್ನೊಕೈಟ್ ಎಂಬ ಶಿಲೆ. ನೈಸಿನ ಪಟ್ಟೆಗಳು ತೇಪೆಯೊಳಗೆ ಮಸುಕಾಗುತ್ತ ಹೋಗುವುದನ್ನು ಬರಿಗಣ್ಣಿಗೇ ಕಾಣಬಹುದು. ಒಂದು ಶಿಲೆ ಇನ್ನೊಂದಾಗುತ್ತಿರುವ ಘಟ್ಟ ಇಲ್ಲಿ ಹಾಗೆಯೇ ನಿಂತಿದೆ ಎಂದು 1960ರಲ್ಲಿ ಸಿ. ಎಸ್. ಪಿಚ್ಚಮುತ್ತು 'ನೇಚರ್' ಪತ್ರಿಕೆಯಲ್ಲಿ ಬರೆದರು. ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್, ಅಮೆರಿಕದ ಆರ್. ಸಿ. ನ್ಯೂಟನ್ ಮತ್ತು ಜೆ. ವಿ. ಸ್ಮಿತ್ 1979ರಲ್ಲಿ, ಈ ಮಾರ್ಪಾಡಿಗೆ ನೀರಿನ ಅಂಶ ಕಡಿಮೆಯಿದ್ದು ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದ ದ್ರವ ಕಾರಣವೆಂದು ವಾದಿಸಿದರು. ಮುಂದೆ ಜನಾರ್ದನ್ ಮತ್ತು ನ್ಯೂಟನ್ ಅವರು ಇ. ಸಿ. ಹ್ಯಾನ್ಸೆನ್ ಜೊತೆಗೂಡಿ 1984ರಲ್ಲಿ ಪ್ರಕಟಿಸಿದ ಅಧ್ಯಯನ ದಕ್ಷಿಣ ಕರ್ನಾಟಕದ ಈ ಪಟ್ಟಿಯ ಶಿಲೆಗಳ ಒತ್ತಡ, ಉಷ್ಣತೆ ಮತ್ತು ದ್ರವಗಳನ್ನು ಒಟ್ಟಿಗೆ ಪರಿಶೀಲಿಸಿತು; ಹರಳುಗಳಲ್ಲಿ ಸೆರೆಯಾದ ಕಾರ್ಬನ್ ಡೈಆಕ್ಸೈಡ್ ಅಂತರ್ಗತಗಳು ಆ ವಾದಕ್ಕೆ ಆಧಾರವಾದವು.

ಕಬ್ಬಾಳದುರ್ಗದ ಕಪ್ಪು ತೇಪೆಗಳು ಬಂಡೆಯ ಬಾಗು, ಸೀಳು, ಜಾರುಪಟ್ಟಿಗಳ ಗುಂಟ ಹಬ್ಬಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ದ್ರವ ಯಾವ ದಾರಿ ಹಿಡಿದಿತ್ತು ಎಂಬುದನ್ನು ಅವು ಗೆರೆ ಎಳೆದಂತೆ ತೋರಿಸುತ್ತವೆ. ಕಾರ್ಬನ್ ಡೈಆಕ್ಸೈಡ್‌ನ ಪಾಲೆಷ್ಟು, ಲವಣಭರಿತ ದ್ರವದ ಪಾಲೆಷ್ಟು ಎಂಬ ಚರ್ಚೆ ಆಮೇಲೂ ನಡೆದಿದೆ. ಕೋಲಾರ ಮತ್ತು ಹಟ್ಟಿಯ ಚಿನ್ನದ ಬೆಣಚುನಾಳಗಳಲ್ಲೂ ಇಂಥ ಅಧ್ಯಯನಗಳಾಗಿವೆ. ಕೋಲಾರದ ಬಗ್ಗೆ ಖರಗ್‌ಪುರ ಐಐಟಿಯ ಬಿ. ಮಿಶ್ರ ಮತ್ತು ಎಂ. ಕೆ. ಪಾಣಿಗ್ರಾಹಿ 1999ರಲ್ಲಿ ಬರೆದರು. ಚಿನ್ನ ಹೊತ್ತು ತಂದದ್ದು ಲವಣ ಕಡಿಮೆಯಿದ್ದ, ಕಾರ್ಬನ್ ಡೈಆಕ್ಸೈಡ್ ಬೆರೆತ ನೀರು ಎಂಬ ತಿಳಿವಳಿಕೆ ಇಂಥ ಅಂತರ್ಗತಗಳಿಂದ ಬಂದದ್ದು.

ಬೆಂಗಳೂರು ಗ್ರಾಮಾಂತರದ ನೆಲ

1986ರಲ್ಲಿ ರಚನೆಯಾದ ಜಿಲ್ಲೆಯಲ್ಲಿ, ರಾಮನಗರ ಬೇರೆಯಾದ ಮೇಲೆ ಉಳಿದವು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು. ವರ್ಷವಿಡೀ ಹರಿಯುವ ನದಿ ಇಲ್ಲ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಮೂಲಕ, ದಕ್ಷಿಣ ಪಿನಾಕಿನಿ ದೇವನಹಳ್ಳಿ ಮತ್ತು ಹೊಸಕೋಟೆಯ ಮೂಲಕ, ಶಿವಗಂಗೆಯ ಕುಮುದ್ವತಿ ನೆಲಮಂಗಲದ ಮೂಲಕ ಸಾಗುತ್ತವೆ. ವರ್ಷದ ಮಳೆ ಸುಮಾರು 800 ಮಿಲಿಮೀಟರ್. ಅದನ್ನು ಹಿಡಿದಿಡಲು ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕೆರೆಗಳ ಸರಣಿ ಕಟ್ಟಿದರು.

ನೆಲದಡಿಯ ಬಹುಪಾಲು ಪೆನಿನ್ಸುಲಾರ್ ನೈಸ್. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಕೊಟ್ಟ ಹೆಸರು ಇದು; ಲಾಲ್‌ಬಾಗಿನ ಬಂಡೆ ಇದರ ಪ್ರಸಿದ್ಧ ಮಾದರಿ. ನಂದಿ, ಶಿವಗಂಗೆಗಳಂಥ ಬೆಟ್ಟಗಳಲ್ಲಿ ಗ್ರಾನೈಟ್ ತಲೆಯೆತ್ತಿದೆ. ಇವೆರಡನ್ನೂ ಸೀಳಿಕೊಂಡು ಪೂರ್ವ-ಪಶ್ಚಿಮವಾಗಿ ಡಾಲರೈಟ್ ಎಂಬ ಕರಿಕಲ್ಲಿನ ಗೋಡೆಗಳು ಹಾದುಹೋಗಿವೆ. ಬೆಂಗಳೂರಿನ ಸುತ್ತಲಿನ ಈ ಗೋಡೆಗಳ ಒಂದು ಮುಖ್ಯ ಗುಂಪು ಸುಮಾರು 237 ಕೋಟಿ ವರ್ಷಗಳ ಹಿಂದಿನದು. ಇಂಥ ಗೋಡೆ ಅಂತರ್ಜಲಕ್ಕೆ ಅಡ್ಡಗಟ್ಟೆಯಾಗಿ ಒಂದು ಮಗ್ಗುಲಲ್ಲಿ ನೀರು ನಿಲ್ಲಿಸಬಲ್ಲದು. ಅದರ ಅಂಚಿನ ಒಡೆದ ಪಟ್ಟಿ ನೀರಿನ ದಾರಿಯೂ ಆಗಬಲ್ಲದು.

ಮೇಲಿನಿಂದ ಕೆಳಗೆ ಮೂರು ಪದರಗಳನ್ನು ಗುರುತಿಸಬಹುದು. ಮೊದಲು ಮಣ್ಣು ಮತ್ತು ಗರಸು ಸೇರಿದ ಶಿಥಿಲ ಪದರ. ಹಿಂದಿನ ತೆರೆದ ಬಾವಿಗಳು ಇದರ ನೀರನ್ನೇ ನೆಚ್ಚಿದ್ದವು. ಅದರಡಿ ಬಿರುಕು ಬಿಟ್ಟ ಬಂಡೆ. ಕೊನೆಗೆ ಬಿರುಕು ವಿರಳವಾದ ಇಡೀ ಬಂಡೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮತ್ತು ಫ್ರಾನ್ಸಿನ ಭೂವಿಜ್ಞಾನಿಗಳು ತೆಲಂಗಾಣದ ಮಹೇಶ್ವರಂ ಜಲಾನಯನದಲ್ಲಿ ನಡೆಸಿದ ದೀರ್ಘ ಅಧ್ಯಯನದಿಂದ ರೂಪುಗೊಂಡು 2006ರಲ್ಲಿ ಪ್ರಕಟವಾದ ಮಾದರಿ ನಮ್ಮ ರೈತರಿಗೂ ಮುಖ್ಯವಾದುದು. ಅದರಂತೆ ನಡುಪದರದ ಬಿರುಕುಗಳು ಹೆಚ್ಚಾಗಿ ಅಡ್ಡಬಿರುಕುಗಳು. ಬಯೊಟೈಟ್ ಎಂಬ ಕಪ್ಪು ಅಭ್ರಕ ಶಿಥಿಲವಾಗುವಾಗ ಉಬ್ಬಿ ಬಂಡೆಯನ್ನು ಸೀಳುವುದರಿಂದ ಅವು ಹುಟ್ಟುತ್ತವೆ, ಮತ್ತು ಆಳಕ್ಕೆ ಹೋದಂತೆ ಅವುಗಳ ಸಂಖ್ಯೆ ಇಳಿಯುತ್ತದೆ. ಶಿಥಿಲೀಕರಣ ತಲುಪದ ಆಳದಲ್ಲಿ ಉಳಿಯುವುದು ಹಳೆಯ ಭೂಚಲನೆಯ ಬಿರುಕುಗಳು ಮಾತ್ರ. ಅವು ದೂರದೂರ ಹರಡಿರುತ್ತವೆ.

ಇಂದು ಈ ತಾಲ್ಲೂಕುಗಳಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಸಾಮಾನ್ಯ. ದ್ರಾಕ್ಷಿ, ಹಿಪ್ಪುನೇರಳೆ, ಹೂವು, ತರಕಾರಿ, ಹೈನುಗಾರಿಕೆ, ಕೈಗಾರಿಕೆ, ವಿಮಾನ ನಿಲ್ದಾಣದ ಸುತ್ತ ಬೆಳೆದ ಬಡಾವಣೆಗಳು ಎಲ್ಲವೂ ಇವುಗಳ ಮೇಲೆ ಭಾರ ಹಾಕಿವೆ. ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನದಲ್ಲಿ ನಾಲ್ಕೂ ತಾಲ್ಲೂಕುಗಳು ಅತಿಬಳಕೆಯ ವರ್ಗದಲ್ಲಿವೆ. ಅರ್ಕಾವತಿ ಏಕೆ ಬತ್ತುತ್ತಿದೆ ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಮಳೆಯ ಏರುಪೇರಿಗಿಂತ ಅಂತರ್ಜಲದ ಎತ್ತುವಳಿ ಮತ್ತು ನೀಲಗಿರಿ ತೋಪುಗಳೇ ಪ್ರಬಲ ಕಾರಣಗಳಾಗಿರಬಹುದೆಂದು ಹೇಳಿತು. ನಡುಪದರದ ನೀರನ್ನು ಬರಿದುಮಾಡಿ ಬಿರುಕು ವಿರಳವಾದ ಪದರಕ್ಕೆ ಇಳಿದಿರುವುದು ಇಲ್ಲಿನ ಬೋರುಗಳು ಮೇಲಿಂದ ಮೇಲೆ ಫೇಲಾಗುವುದಕ್ಕೆ ಮೂಲ ಕಾರಣ.

ಕೊರೆಯುವ ಮೊದಲು

ಹಳ್ಳಿಗಳಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡೋ ಕವಲು ಕಡ್ಡಿ ಹಿಡಿದೋ ಪಾಯಿಂಟ್ ಹಾಕುವವರನ್ನು ಕರೆಸುವುದು ಇಂದಿಗೂ ರೂಢಿಯಲ್ಲಿದೆ. ಬಿತ್ತನೆಗೆ ಮೊದಲೇ ಸಾಲ ಮಾಡಿ ರಿಗ್ ಕರೆಸುವ ಕುಟುಂಬ ಕೈಗೆ ಸಿಕ್ಕ ಭರವಸೆ ಹಿಡಿಯುವುದು ಸಹಜ. ಆದರೆ ನಿಯಂತ್ರಿತ ಪರೀಕ್ಷೆಗಳಲ್ಲಿ ಈ ವಿಧಾನ ಆಕಸ್ಮಿಕಕ್ಕಿಂತ ಮೇಲೆಂದು ಸಾಬೀತಾಗಿಲ್ಲ.

ವೈಜ್ಞಾನಿಕ ಹುಡುಕಾಟ ಉಪಗ್ರಹ ಚಿತ್ರದಿಂದ ಶುರುವಾಗುತ್ತದೆ. ನೇರವಾದ ಹಳ್ಳ, ಸಾಲಾಗಿ ಬೆಳೆದ ಹಸಿರು, ಬಂಡೆಯ ಸೀಳುಗಳು ಸೇರಿ ಕಾಣುವ ರೇಖೆಗಳು ನೆಲದಡಿಯ ಬಿರುಕುಪಟ್ಟಿಯನ್ನು ಸೂಚಿಸಬಹುದು. ಬಳಿಕ ವಿದ್ಯುತ್ ನಿರೋಧದ ಅಳತೆ: ನೆಲಕ್ಕೆ ನೆಟ್ಟ ಎರಡು ಗೂಟಗಳಿಂದ ವಿದ್ಯುತ್ ಹರಿಸಿ, ಬೇರೆರಡು ಗೂಟಗಳ ನಡುವಿನ ವೋಲ್ಟೇಜ್ ಅಳೆದು, ಅಂತರ ಹೆಚ್ಚಿಸುತ್ತ ಹೋದಂತೆ ಆಳದ ಪದರಗಳ ಅಂದಾಜು ಸಿಗುತ್ತದೆ. ಒಣ ಇಡೀ ಬಂಡೆಯ ನಿರೋಧ ಹೆಚ್ಚು, ನೀರಿರುವ ಶಿಥಿಲ ಪದರದ್ದು ಕಡಿಮೆ. ಶಿಥಿಲ ಪದರದ ದಪ್ಪ ತಿಳಿಯಲು ಇದು ಚೆನ್ನಾಗಿ ಒದಗುತ್ತದೆ. ನೂರಾರು ಅಡಿ ಕೆಳಗಿರುವ ತೆಳುವಾದ ಒಂದೇ ಬಿರುಕನ್ನು ಮೇಲಿನಿಂದ ಕಾಣುವ ಶಕ್ತಿ ಇದಕ್ಕಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ಮತ್ತು ಭೂಭೌತ ಸಂಶೋಧನಾ ಸಂಸ್ಥೆ ದೇಶದ ಆರು ಕಡೆ ಹೆಲಿಕಾಪ್ಟರಿನಿಂದ ವಿದ್ಯುತ್ಕಾಂತೀಯ ಸಮೀಕ್ಷೆಯ ಪ್ರಯೋಗ ನಡೆಸಿದಾಗ ಆರಿಸಿದ ಜಾಗಗಳಲ್ಲಿ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನವೂ ಒಂದಾಗಿತ್ತು.

ಕೊರೆಯುವಾಗ ಕಾಣುವ ಕುರುಹುಗಳು

1967ರ ಬರಗಾಲದಲ್ಲಿ ಯುನಿಸೆಫ್ ಭಾರತಕ್ಕೆ ತರಿಸಿದ ಬಡಿಯುವ ಬೈರಿಗೆಯ ಯಂತ್ರಗಳು ಗಟ್ಟಿ ಬಂಡೆ ಕೊರೆಯುವ ರೀತಿಯನ್ನೇ ಬದಲಾಯಿಸಿದವು. ಇಂದಿನ ರಿಗ್‌ಗಳದೂ ಅದೇ ತತ್ತ್ವ: ಕಂಪ್ರೆಸರಿನ ಗಾಳಿ ರಾಡುಗಳ ಮೂಲಕ ಕೆಳಗಿಳಿದು ತುದಿಯ ಹ್ಯಾಮರನ್ನು ಬಡಿಸುತ್ತದೆ, ಅದೇ ಗಾಳಿ ಕಲ್ಲಿನ ಪುಡಿಯನ್ನು ಮೇಲಕ್ಕೆ ಊದುತ್ತದೆ. ಶಿಥಿಲ ಪದರ ಮುಗಿಯುವವರೆಗೆ ಕೇಸಿಂಗ್ ಪೈಪು ಇಳಿಸಿ, ಅದರ ಕೆಳಗೆ ಬರಿಬಂಡೆಯಲ್ಲೇ ಕೊರೆಯುತ್ತಾರೆ.

ಅನುಭವಿ ರಿಗ್ ಆಪರೇಟರ್ ಬಿರುಕನ್ನು ಹಲವು ಕುರುಹುಗಳಿಂದ ಅರಿಯುತ್ತಾನೆ. ಒಂದೇ ಲಯದಲ್ಲಿದ್ದ ಹ್ಯಾಮರಿನ ಸದ್ದು ಬದಲಾಗುತ್ತದೆ, ರಾಡು ಇದ್ದಕ್ಕಿದ್ದಂತೆ ಜಾರಿ ಇಳಿಯುತ್ತದೆ. ಬೂದುಬಣ್ಣದ ನುಣುಪು ಪುಡಿಯ ಜಾಗದಲ್ಲಿ ಕಂದು ಅಥವಾ ಕೆಂಪು ಬಣ್ಣದ ದಪ್ಪ ಚೂರುಗಳು ಬರುತ್ತವೆ. ಆ ಕೆಂಪು ಕಬ್ಬಿಣದ ತುಕ್ಕು. ಆಮ್ಲಜನಕ ಬೆರೆತ ನೀರು ಆ ಸೀಳಿನಲ್ಲಿ ಹರಿದಿದೆ ಎಂಬುದಕ್ಕೆ ಸಾಕ್ಷಿ. ಚೂರುಗಳಲ್ಲಿ ಹಸಿರು ಎಪಿಡೋಟ್, ಬಿಳಿ ಕ್ಯಾಲ್ಸೈಟ್ ಕಂಡರೆ ಅಲ್ಲಿ ಹಿಂದೆ ಬಿಸಿದ್ರವ ಹರಿದ ಬಿರುಕು ಇತ್ತೆಂದು ತಿಳಿಯುತ್ತದೆ. ಅದು ಮುಚ್ಚಿರಬಹುದು, ಮತ್ತೆ ತೆರೆದಿರಲೂಬಹುದು. ಆಮ್ಲದ ಒಂದು ಹನಿಗೆ ನೊರೆಗರೆದರೆ ಬಿಳಿ ಚೂರು ಕ್ಯಾಲ್ಸೈಟ್, ಸುಮ್ಮನಿದ್ದರೆ ಬೆಣಚಿನಂಥ ಬೇರೆ ಖನಿಜ.

ಮೇಲೆ ಬರುವ ನೀರಿನ ಅಳತೆ ಕೊನೆಯ ಕುರುಹು. 'ಎಷ್ಟು ಇಂಚು ನೀರು ಬಿತ್ತು' ಎಂಬ ಮಾತು ಹೊಲದ ಬದುವಿನಿಂದ ಬ್ಯಾಂಕಿನವರೆಗೆ ಓಡಾಡುತ್ತದೆ. ತೊಂಬತ್ತು ಡಿಗ್ರಿ ಕೋನದ ವಿ ನಾಚ್ ಹಲಗೆಯಲ್ಲಿ ಹರಿಯುವ ನೀರಿನ ಎತ್ತರ ಒಂದು ಇಂಚಿದ್ದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚಿದ್ದರೆ ಸುಮಾರು 2,900 ಲೀಟರ್, ಮೂರು ಇಂಚಿದ್ದರೆ ಸುಮಾರು 8,000 ಲೀಟರ್. ಇಂಚು ಎರಡರಷ್ಟಾದರೆ ನೀರು ಐದೂವರೆ ಪಟ್ಟಿಗೂ ಮಿಗಿಲಾಗುತ್ತದೆ ಎಂಬುದನ್ನು ಅರಿಯದೆ ಪಂಪು ಆರಿಸಿದವರು ಮೋಟರು ಸುಟ್ಟುಕೊಳ್ಳುತ್ತಾರೆ. ಪ್ರತಿ ರಾಡು ಸೇರಿಸುವಾಗ ಈ ಅಳತೆ ಬರೆದಿಟ್ಟರೆ ಯಾವ ಆಳದ ಬಿರುಕು ಎಷ್ಟು ನೀರು ಕೊಟ್ಟಿತೆಂಬುದು ನಿಖರವಾಗಿ ಉಳಿಯುತ್ತದೆ. ಮುಗಿದ ಬಾವಿಯೊಳಗೆ ಕ್ಯಾಮೆರಾ ಇಳಿಸಿ ಬಿರುಕನ್ನು ಕಣ್ಣಾರೆ ನೋಡುವ ಸೇವೆ ಈಗ ಹಳ್ಳಿಗಳಲ್ಲೂ ಸಿಗುತ್ತದೆ.

ನೀರಿನ ರಸಾಯನ ಹೇಳುವುದು

ತಣ್ಣಗಿನ ಅಂತರ್ಜಲದಲ್ಲಿ ಬಿರುಕಿನ ಗುರುತು ಹೊತ್ತು ತರುವುದು ನೀರೇ. ನೆಲಕ್ಕೆ ಹೊಸದಾಗಿ ಇಂಗಿದ ನೀರಿನಲ್ಲಿ ಗೊಬ್ಬರ, ಕೊಟ್ಟಿಗೆ, ಚರಂಡಿಗಳಿಂದ ಬಂದ ನೈಟ್ರೇಟ್ ಹೆಚ್ಚಿರುತ್ತದೆ. ಬಂಡೆಯ ಜೊತೆ ಬಹುಕಾಲ ಕಳೆದ ನೀರಿನಲ್ಲಿ ಬಯೊಟೈಟ್, ಅಪಟೈಟ್‌ನಂಥ ಖನಿಜಗಳಿಂದ ಕರಗಿದ ಫ್ಲೋರೈಡ್ ಏರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದೆಂಬುದು ಭಾರತೀಯ ಮಾನಕದ ಮಿತಿ. ಒಂದೇ ಬಾವಿಯ ಬೇರೆ ಬೇರೆ ಬಿರುಕುಗಳ ನೀರು ಬೇರೆ ಬೇರೆ ಗುಣದ್ದಾಗಿರಬಹುದು. ವಿದ್ಯುದ್ವಾಹಕತೆ ಮತ್ತು ಉಷ್ಣತೆಯನ್ನು ಆಳದುದ್ದಕ್ಕೂ ಅಳೆದಾಗ ನೀರು ಒಳನುಗ್ಗುವ ಜಾಗಗಳಲ್ಲಿ ರೇಖೆ ಮುರಿಯುತ್ತದೆ.

ವಿಕಿರಣಶೀಲ ಕುರುಹುಗಳು ನೀರಿನ ವಯಸ್ಸು ಹೇಳುತ್ತವೆ. ಟ್ರಿಷಿಯಂನ ಅರ್ಧಾಯು ಸುಮಾರು 12.3 ವರ್ಷ, ಅದು ಕಂಡರೆ ಕಳೆದ ಕೆಲವು ದಶಕಗಳ ಮಳೆ ಆ ಬಿರುಕನ್ನು ತಲುಪಿದೆ. ರೇಡಾನ್ ಅನಿಲದ ಅರ್ಧಾಯು ನಾಲ್ಕು ದಿನಕ್ಕೂ ಕಡಿಮೆ. ಗ್ರಾನೈಟಿನ ಯುರೇನಿಯಂನಿಂದ ಹುಟ್ಟುವ ಇದು ನೀರಿನಲ್ಲಿ ಹೆಚ್ಚಿದ್ದರೆ ಆ ನೀರು ಬಂಡೆಯ ಬಿರುಕಿನಿಂದ ಆಗತಾನೆ ಹೊರಬಂದದ್ದು. ಭೂಶಾಖದ ಬಾವಿಯಲ್ಲಿ ಶಿಲಾರಸದ ಸುಳಿವು ಕೊಡುವ ನೈಟ್ರೋಜನ್-ಆರ್ಗಾನ್ ಅನುಪಾತ ತಣ್ಣೀರಿನಲ್ಲಿ ಬೇರೆಯದೇ ವಿಷಯ ಹೇಳುತ್ತದೆ: ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ನೈಟ್ರೋಜನ್ ಅನಿಲವಾಗಿಸಿದ್ದರೆ ಈ ಅನುಪಾತ ಏರುತ್ತದೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ದೇವನಹಳ್ಳಿ ಭಾಗದ ಕೆರೆಗಳಿಗೂ ಹರಿಸುತ್ತಿರುವಾಗ, ಆ ನೀರು ಯಾವ ಬಿರುಕಿನ ದಾರಿ ಹಿಡಿದು ಯಾರ ಕುಡಿಯುವ ಬೋರಿಗೆ ತಲುಪುತ್ತದೆ ಎಂದು ತಿಳಿಯಲು ಇಂಥ ಅಳತೆಗಳು ಅಗತ್ಯ.

ಹೊಂದುವುದು, ಹೊಂದದಿರುವುದು

ಕೋಸೋದ ವಿಧಾನವನ್ನು ಹಾಗೆಯೇ ದೊಡ್ಡಬಳ್ಳಾಪುರದ ಬೋರಿಗೆ ತರಲಾಗದು. ಬಿಸಿ ಬಂಡೆಯಲ್ಲಿ ಸೀಳಿದ ಬೆಣಚು ಬೇಗ ಬೆಸೆದುಕೊಂಡು ಅಲ್ಲಿ ಹರಿಯುತ್ತಿರುವ ದ್ರವವನ್ನೇ ಸೆರೆಹಿಡಿಯುತ್ತದೆ. ನಮ್ಮಲ್ಲಿ ಅಂತರ್ಜಲದ ಉಷ್ಣತೆ ಮೂವತ್ತು ಡಿಗ್ರಿಯ ಆಸುಪಾಸು. ಈ ತಂಪಿನಲ್ಲಿ ಬೆಣಚು ಬೆಸೆಯುವುದು ಲೆಕ್ಕಕ್ಕೆ ಬಾರದಷ್ಟು ನಿಧಾನ. ಇಲ್ಲಿನ ಹರಳುಗಳಲ್ಲಿರುವುದು ಕೋಟ್ಯಂತರ ವರ್ಷಗಳ ಹಿಂದಿನ ಬಿಸಿದ್ರವ, ಇಂದಿನ ನೀರಲ್ಲ. ಬಂಡೆ ಎಲ್ಲಿ ಸೀಳಿತ್ತು ಎಂಬುದನ್ನು ಅವು ಹೇಳಬಲ್ಲವು. ಆ ಸೀಳಿನಲ್ಲಿ ಈಗ ನೀರಿದೆಯೇ ಎಂಬುದನ್ನು ಹೇಳಲಾರವು.

ಹೊಂದುವುದು ಆ ವಿಧಾನದ ಶಿಸ್ತು. ಅಲ್ಲಿ ಪ್ರತಿ 10-20 ಅಡಿಗೆ ಒಂದು ಹಿಡಿ ಚೂರು ತೆಗೆದು, ಆಳ ಬರೆದು, ಜೋಪಾನ ಮಾಡುತ್ತಾರೆ. ನಮ್ಮ ರಿಗ್‌ಗಳ ರಾಡಿನ ಉದ್ದವೂ ಸಾಮಾನ್ಯವಾಗಿ 20 ಅಡಿ. ರಾಡಿಗೊಂದು ಹಿಡಿ ಪುಡಿ, ಬಣ್ಣದ ಒಂದು ಟಿಪ್ಪಣಿ, ವಿ ನಾಚ್‌ನ ಒಂದು ಅಳತೆ, ನೀರು ಬಿದ್ದ ಆಳದಲ್ಲಿ ಒಂದು ಬಾಟಲಿ ನೀರು: ಸಾವಿರ ಅಡಿಯ ಬೋರಿಗೆ ಐವತ್ತು ಪೊಟ್ಟಣಗಳು. ರಿಗ್ಗಿನ ಬಾಡಿಗೆಯ ಮುಂದೆ ಇದರ ಖರ್ಚು ಏನೇನೂ ಅಲ್ಲ. ಇಂದು ಆ ಪುಡಿ ಹೊಲದಲ್ಲೇ ರಾಶಿಯಾಗಿ ಬಿದ್ದು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ, ಜೊತೆಗೆ ಲಕ್ಷಾಂತರ ರೂಪಾಯಿ ಕೊಟ್ಟು ಪಡೆದ ಭೂವಿಜ್ಞಾನವೂ.

ನೀರು ಬಾರದ ಬೋರಿನ ದಾಖಲೆ ನೀರು ಬಂದ ಬೋರಿನದಷ್ಟೇ ಬೆಲೆಯುಳ್ಳದ್ದು. ಪಕ್ಕದ ಹೊಲದವರು ಅದೇ ಬಂಡೆಗೆ ಮತ್ತೊಮ್ಮೆ ಹಣ ಸುರಿಯುವುದನ್ನು ಅದು ತಪ್ಪಿಸುತ್ತದೆ. ಕರ್ನಾಟಕ ಅಂತರ್ಜಲ ಅಧಿನಿಯಮ 2011 ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿಯನ್ನೂ ರಿಗ್‌ಗಳಿಗೆ ನೋಂದಣಿಯನ್ನೂ ಕಡ್ಡಾಯ ಮಾಡಿದೆ. ಆ ಚೌಕಟ್ಟಿನಲ್ಲೇ ಪ್ರತಿ ಕೊಳವೆಬಾವಿಯ ಶಿಲಾದಾಖಲೆಯನ್ನು ಕಡ್ಡಾಯವಾಗಿ ಸಂಗ್ರಹಿಸಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಎಲ್ಲರಿಗೂ ಸಿಗುವಂತೆ ಇಡಬಹುದು. ಗಂಗಾ ಕಲ್ಯಾಣದಂಥ ಸರ್ಕಾರಿ ಯೋಜನೆಗಳ ಬಾವಿಗಳಿಂದಲೇ ಇದನ್ನು ಶುರುಮಾಡಲು ಅಡ್ಡಿಯೇನೂ ಇಲ್ಲ. ನೆಲದಡಿಯ ಬಿರುಕು ಸರ್ವೆ ನಂಬರಿನ ಗಡಿ ನೋಡಿ ನಿಲ್ಲುವುದಿಲ್ಲ. ಅದರ ತಿಳಿವಳಿಕೆಯೂ ಒಬ್ಬೊಬ್ಬರ ಹೊಲದಲ್ಲಿ ಹೂತುಹೋಗದೆ ಊರಿನ ಸಮಾನ ಸ್ವತ್ತಾದಾಗ ಮಾತ್ರ ನಾಲ್ಕು ತಾಲ್ಲೂಕುಗಳ ರೈತರು ಕುರುಡಾಗಿ ಕೊರೆಸುವುದನ್ನು ನಿಲ್ಲಿಸಲು ಸಾಧ್ಯ.